ಅರ್ಧ ಹೊಲದ ಸಹಿ

ಮಾರ್ಚ್ ೩೦

ಗಿಣಿ,

ಫೋನ್ ಮಾಡಿದರೆ ಅತ್ತಿಗೆ ಎತ್ತುವುದಿಲ್ಲ ಎಂದು ಬಯ್ದುಕೊಳ್ಳುತ್ತಿರುತ್ತೀಯ, ಗೊತ್ತು. ಮನೆಗಿರುವುದು ಒಂದೇ ಫೋನ್. ಅದು ಈಗ ನನ್ನ ಮಗಳ ಶಾಲೆ. ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ಮಾತ್ರ, ಬೆಳಿಗ್ಗೆಯಿಂದ ಅಲ್ಲೇ ಕೂತಿರುತ್ತಾಳೆ. ಸಂಜೆ ಫೋನ್ ನನ್ನ ಕೈಗೆ ಬಂದರೂ ಆ ಮೆಟ್ಟಿಲ ಮೇಲೆ ನಿಂತು ಮಾತಾಡಿದರೆ ಬೀದಿಗೆಲ್ಲ ಸುದ್ದಿ. ಅದಕ್ಕೇ ಕಾಗದ. ಅಂಚೆಯವನು ವಾರಕ್ಕೆರಡು ಸಲ ಬರುತ್ತೇನೆ ಎಂದಿದ್ದಾನೆ. ಬಂದರೆ ಬಂದ.

ನಿನ್ನಣ್ಣನಿಂದ ಫೋನ್ ಬಂದಿತ್ತು. ಬಂದರಿನಲ್ಲಿ ಕ್ರೇನುಗಳೆಲ್ಲ ನಿಂತಿವೆಯಂತೆ, ಕೆಲಸದವರು ಶೆಡ್ಡಿನಲ್ಲೇ ಇದ್ದಾರಂತೆ. ಊಟ ಕೊಡುತ್ತಾರೆ ಎಂದರು. ಅದಕ್ಕಿಂತ ಹೆಚ್ಚು ಹೇಳುವ ಮನುಷ್ಯರಲ್ಲ, ನಿನಗೇ ಗೊತ್ತು.

ಹೊಲದಲ್ಲಿ ಸೌತೆ ಬಳ್ಳಿ ಚೆನ್ನಾಗಿ ಹಬ್ಬಿದೆ. ಇನ್ನು ಹದಿನೈದು ದಿನಕ್ಕೆ ಹೆಣ್ಣು ಹೂ ಶುರು. ಹನ್ನೊಂದು ವರ್ಷದಲ್ಲಿ ನೀನು ಒಂದು ಸಲವೂ ಹೂವಿನ ಕಾಲಕ್ಕೆ ಬಂದವಳಲ್ಲ, ಬರೀ ದಾರ ಕಳಿಸಿ ಸುಮ್ಮನಾಗುವವಳು. ಆದ್ದರಿಂದ ಹೇಳುತ್ತೇನೆ ಕೇಳು. ಬೀಜದ ಕಂಪನಿಯವರು ಎರಡು ತಳಿ ಕೊಡುತ್ತಾರೆ. ಒಂದರ ಗಂಡು ಹೂವನ್ನು ಇನ್ನೊಂದರ ಹೆಣ್ಣು ಹೂವಿಗೆ ನಾವೇ ಕೈಯಾರೆ ಮುಟ್ಟಿಸಬೇಕು. ನಾಳೆ ಅರಳುವ ಮೊಗ್ಗು ಯಾವುದೆಂದು ಹಿಂದಿನ ಸಂಜೆಯೇ ಗುರುತಿಸಿ, ಜೇನುಹುಳ ಬಾರದ ಹಾಗೆ ಕಾಗದದ ಟೋಪಿ ಹಾಕಬೇಕು. ಬೆಳಿಗ್ಗೆ ಒಂಬತ್ತರೊಳಗೆ ಟೋಪಿ ತೆಗೆದು, ಗಂಡು ಹೂವಿನ ಎಸಳು ಕಿತ್ತು, ಒಳಗಿನ ಪುಡಿಯನ್ನು ಸವರಿ, ದಾರ ಕಟ್ಟಬೇಕು. ನಾವು ಏಳು ಜನ ಹೆಂಗಸರು, ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ನಿನ್ನ ಬಟ್ಟೆ ಕಾರ್ಖಾನೆಯಲ್ಲಿ ಉಳಿದ ದಾರದ ಉರುಳೆಗಳು ಇಲ್ಲಿ ಮಾಡುವ ಉದ್ಯೋಗ ಇದು.

ಲಾಕ್‌ಡೌನ್ ಅಂತ ಹೊಲಕ್ಕೆ ಹೋಗಲೂ ಪಾಸ್ ಬೇಕಂತೆ. ಕಚೇರಿಗೆ ಹೋದೆ. ಮೇಜಿನ ಹಿಂದಿದ್ದವನು ಹೊಲದ ಪತ್ರ ನೋಡಿದ. ಅಲ್ಲಿರುವುದು ನಿನ್ನಣ್ಣನ ಹೆಸರು, ನಿನ್ನ ಹೆಸರು. "ರೈತನ್ನ ಕಳ್ಸಮ್ಮ" ಅಂದ. "ಅವರು ಎರಡು ದಿನದ ದಾರೀಲಿ ಕ್ರೇನ್ ಓಡಿಸ್ತಾರೆ ಸಾರ್, ಬೇಸಾಯ ಮಾಡೋದು ನಾನು" ಅಂದೆ. "ನೀನು ಅವ್ರ ಹೆಂಡ್ತಿ ತಾನೆ? ಹೆಂಡ್ತೀರಿಗೆ ಪಾಸ್ ಇಲ್ಲ, ರೈತ್ರಿಗೆ ಮಾತ್ರ" ಅಂದ. ಜಗಳ ಆಡಿದರೆ ಹೂವು ಕಾಯುತ್ತದೆಯೇ? ಏಳೂ ಜನ ಕಾಲುವೆ ಏರಿಯ ಹಿಂದಿನಿಂದ ಬಗ್ಗಿಕೊಂಡು ಹೋಗುತ್ತಿದ್ದೇವೆ, ನಮ್ಮ ಹೊಲಕ್ಕೆ ನಾವೇ ಕಳ್ಳರು.

ಜೋಪಾನ.

ಅತ್ತಿಗೆ


ಏಪ್ರಿಲ್ ೯

ಅತ್ತಿಗೆ,

ನಿಮ್ಮ ಕಾಗದ ಎಂಟು ದಿನಕ್ಕೆ ಬಂತು. ಏಳು ಜನ ಹೆಂಗಸರು ಒಂದೇ ಹೊಲದಲ್ಲಾ? ಒಬ್ಬರು ಮುಟ್ಟಿದ ಬಳ್ಳಿಯನ್ನೇ ಇನ್ನೊಬ್ಬರು ಮುಟ್ಟುವುದಾ? ನಿಮಗೆ ಅಲ್ಲಿ ಟಿವಿ ನೋಡಲು ಬಿಡುವಿಲ್ಲ, ಆದ್ದರಿಂದ ಈ ಧೈರ್ಯ. ಇಲ್ಲಿ ನಮ್ಮ ಬೀದಿಯಲ್ಲೇ ಎರಡು ಮನೆಗೆ ಹಲಗೆ ಹೊಡೆದಿದ್ದಾರೆ.

ಔಷಧಿ ವ್ಯಾನಿನ ಡ್ರೈವರ್ ನಿಮ್ಮ ಕಡೆ ಬರುವವನು ಸಿಕ್ಕ. ಅವನ ಕೈಯಲ್ಲಿ ಐದು ಲೀಟರಿನ ಸ್ಯಾನಿಟೈಸರ್ ಕ್ಯಾನ್, ಇಪ್ಪತ್ತು ಮಾಸ್ಕು ಕಳಿಸಿದ್ದೇನೆ. ಕಾರ್ಖಾನೆಯವರು ನಮಗೆಲ್ಲ ಒಂದೊಂದು ಕ್ಯಾನ್ ಕೊಟ್ಟರು. ನಾನೊಬ್ಬಳು ಅಷ್ಟು ಇಟ್ಟುಕೊಂಡು ಸ್ನಾನ ಮಾಡಲೇ? ಖಾಲಿ ಬಾಟಲಿಗಳಿಗೆ ತುಂಬಿಸಿ ಒಬ್ಬೊಬ್ಬರ ಸೊಂಟಕ್ಕೆ ಒಂದೊಂದು ಕಟ್ಟಿ. ಒಂದು ಬಳ್ಳಿ ಮುಗಿಸಿ ಇನ್ನೊಂದು ಬಳ್ಳಿ ಮುಟ್ಟುವ ಮೊದಲು ಕೈಗೆ ಹಾಕಿಕೊಳ್ಳಲೇಬೇಕು. ಪ್ರತಿ ಬಳ್ಳಿಗೂ, ತಿಳಿಯಿತಾ? ನನ್ನ ಮೇಲೆ ಆಣೆ. ನೀವು ಊರಿಗೆಲ್ಲ ಬುದ್ಧಿ ಹೇಳುವವರು, ಇದೊಂದು ಸಲ ನನ್ನ ಮಾತು ಕೇಳಿ.

ನನಗೆ ಬಿಡುವೇ ಇಲ್ಲ. ಕಾರ್ಖಾನೆಯಲ್ಲಿ ಈಗ ಅಂಗಿ ಹೊಲಿಯುವುದು ಬಿಟ್ಟು ಮಾಸ್ಕ್ ಹೊಲಿಯುತ್ತಿದ್ದೇವೆ, ಎರಡೆರಡು ಪಾಳಿ. ನನ್ನ ಲೈನಿನಲ್ಲಿ ನಲವತ್ತು ಮಿಷನ್, ಎಲ್ಲವನ್ನೂ ನಾನೇ ನೋಡಬೇಕು. ರೂಮಿನಲ್ಲಿದ್ದ ಮೂವರೂ ಅವರವರ ಊರಿಗೆ ಹೋದರು. ಈಗ ರೂಮು ಅರಮನೆ.

ಪ್ರತಿ ಬಳ್ಳಿಗೂ, ಮರೆಯಬೇಡಿ.

ನಿಮ್ಮ ಗಿಣಿ


ಏಪ್ರಿಲ್ ೨೬

ಗಿಣಿ,

ಕ್ಯಾನ್ ಹದಿಮೂರನೇ ತಾರೀಖು ಬಂತು. ಮಾರನೇ ದಿನದಿಂದಲೇ ಎಲ್ಲರ ಸೊಂಟದಲ್ಲೂ ಬಾಟಲಿ. ಹೆಂಗಸರು ಮೊದಲು ನಕ್ಕರು, ಆಮೇಲೆ ಒಬ್ಬರಿಗಿಂತ ಒಬ್ಬರು ಜೋರಾಗಿ ಹಾಕಿಕೊಳ್ಳತೊಡಗಿದರು. ಹೊಲವೆಲ್ಲ ಆಸ್ಪತ್ರೆಯ ವಾಸನೆ.

ಕೇಳದವಳು ಗೊಣಗಜ್ಜಿ ಒಬ್ಬಳೇ. ಅವಳಿಗೆ ಆ ಹೆಸರು ಯಾಕೆ ಬಂತೆಂದು ನಿನಗೆ ಹೇಳಬೇಕಾಗಿಲ್ಲ. ಬೆರಳೆಲ್ಲ ಬಿರುಕು ಬಿಟ್ಟಿದೆ, ಅದಕ್ಕೆ ಇದು ತಾಗಿದರೆ ಉರಿಯುತ್ತದೆ. "ಎಪ್ಪತ್ತು ವರ್ಷದಿಂದ ಈ ಕೈ ಮಣ್ಣು ತಿಂದಿದೆ, ನಿನ್ನ ನಾದಿನಿ ಕಳಿಸಿದ ನೀರು ಕುಡೀದೇ ಇದ್ರೆ ಸಾಯಲ್ಲ" ಅಂದಳು. ಹಾಗಾದರೆ ನೀನು ಆ ತುದಿಯಲ್ಲಿ ಒಬ್ಬಳೇ ಇರು ಎಂದು ಕಡೆಯ ನಾಲ್ಕು ಸಾಲು ಅವಳಿಗೆ ಬಿಟ್ಟೆ. ಅಲ್ಲಿಂದಲೇ ನಮ್ಮನ್ನೆಲ್ಲ ಬಯ್ಯುತ್ತಾ ಕೆಲಸ ಮಾಡುತ್ತಾಳೆ.

ನಿನ್ನಣ್ಣ ಬಂದರು. ಸಿಮೆಂಟ್ ಲಾರಿಯಲ್ಲಿ ಒಂದಿಷ್ಟು ದೂರ, ನಡೆದು ಒಂದಿಷ್ಟು ದೂರ. ಕಾಲಿನ ಹೆಬ್ಬೆರಳ ಉಗುರು ಹೋಗಿದೆ. ಹದಿನಾಲ್ಕು ದಿನ ಮನೆಗೆ ಬರುವಂತಿಲ್ಲವೆಂದು ಪಂಪ್ ಶೆಡ್ಡಿನಲ್ಲಿ ಇದ್ದಾರೆ. ಊಟ ಬಾಗಿಲಲ್ಲಿಟ್ಟು ಬರುತ್ತೇನೆ. ಕೂತಲ್ಲಿಂದಲೇ "ಆ ಸಾಲು ಬಾಡಿದೆ, ಈ ಸಾಲಿಗೆ ನೀರು ಜಾಸ್ತಿ" ಎಂದು ಕೂಗುತ್ತಾರೆ. ಕ್ರೇನ್ ಮೇಲೆ ಕೂತು ಅಭ್ಯಾಸ, ಎಲ್ಲವೂ ಮೇಲಿನಿಂದಲೇ ಕಾಣುತ್ತದೆ.

ಒಂದು ಮಾತು. ಕಾಯಿ ಸರಿಯಾಗಿ ಕಚ್ಚುತ್ತಿಲ್ಲ. ದಾರ ಕಟ್ಟಿದ ಮೂರನೇ ದಿನಕ್ಕೆ ಎಳೆಗಾಯಿ ಹಳದಿಯಾಗಿ ಉದುರುತ್ತಿದೆ. ಬಿಸಿಲು ಈ ಸಲ ವಿಪರೀತ, ಅದೇ ಇರಬೇಕು. ನಿನ್ನಣ್ಣ ನೀರು ಎನ್ನುತ್ತಾರೆ. ನೋಡೋಣ.

ಅತ್ತಿಗೆ


ಮೇ ೮

ಅತ್ತಿಗೆ,

ಅಣ್ಣ ಮನೆ ಸೇರಿದ ಸುದ್ದಿ ಓದಿ ಅತ್ತುಬಿಟ್ಟೆ. ಖುಷಿಗೇ. ಇನ್ನು ನಿಮಗೂ ಆರಾಮ. ಹೊಲದ ಚಿಂತೆ ಅವನ ತಲೆಗೆ ಹಾಕಿ, ನೀವು ಸ್ವಲ್ಪ ಬೆನ್ನು ನೆಟ್ಟಗೆ ಮಾಡಿ.

ಕಾಯಿ ಉದುರಿದರೆ ಉದುರಲಿ ಬಿಡಿ. ಏಳೂ ಜನ ಕೆಮ್ಮದೆ ಸೀನದೆ ಇದ್ದೀರಲ್ಲ, ಅದು ದೊಡ್ಡದು. ನನ್ನ ಕ್ಯಾನ್ ಸಾರ್ಥಕವಾಯಿತು. ನಿಜ ಹೇಳುತ್ತೇನೆ, ಈ ವರ್ಷ ನಾನು ಮಾಡಿದ ಒಳ್ಳೆ ಕೆಲಸ ಅದೊಂದೇ ಅನ್ನಿಸುತ್ತದೆ. ಮುಗಿಯುತ್ತಾ ಬಂದರೆ ಹೇಳಿ. ಸಾಯಂಕಾಲ ನೀರು ಬಿಡಿ, ಬಿಸಿಲಿಗೆ ಅದೇ ಮದ್ದು. (ಹೊಲ ಕಾಣದವಳು ಬೇಸಾಯ ಹೇಳುತ್ತಿದ್ದಾಳೆ ಎಂದು ನಗಬೇಡಿ.)

ಇಲ್ಲಿ ಕೆಲಸ ಕೆಲಸ ಕೆಲಸ. ಊಟ ಕ್ಯಾಂಟೀನಿನಲ್ಲೇ ಆಗುತ್ತದೆ, ನನ್ನ ಬಗ್ಗೆ ಯೋಚಿಸಬೇಡಿ. ಮೊದಲಿನ ಹಾಗೆ ಉದ್ದುದ್ದ ಬರೆಯಲು ಆಗುವುದಿಲ್ಲ.

ಗಿಣಿ


ಮೇ ೨೫

ಗಿಣಿ,

ಈ ಸಲ ಬಳ್ಳಿ ನಮ್ಮ ಮೇಲೆ ಮುನಿಸಿಕೊಂಡಿತು. ಹೂವಿನ ಭರ ಮುಗಿಯಿತು. ಸಾವಿರಗಟ್ಟಲೆ ದಾರ ಇವೆ, ಕಾಯಿ ಇಲ್ಲ. ಗೊಣಗಜ್ಜಿಯ ನಾಲ್ಕು ಸಾಲಿನಲ್ಲಿ, ಅವಳ ನೀಲಿ ದಾರ ಕಟ್ಟಿದ ಕಾಯಿ ಮಾತ್ರ ಒಂದೂ ಬಿಡದೆ ನಿಂತಿವೆ.

ಬೀಜದ ಕಂಪನಿಯ ಬೈಕಿನವನು ಎರಡು ತಿಂಗಳ ಮೇಲೆ ಈಗ ಬಂದ. ಸಾಲು ಸಾಲು ನಡೆದು ನೋಡಿ ಪುಸ್ತಕದಲ್ಲಿ ಏನೋ ಬರೆದುಕೊಂಡ. "ಏನಮ್ಮಾ, ನಿಮ್ಮ ಹೊಲನೇ ಹಿಂಗಾದ್ರೆ" ಅಂದ, ಅಷ್ಟೇ. ಮಿಕ್ಕ ಹೆಂಗಸರು ಬದುವಿನ ಮೇಲೆ ಕೂತು ನೋಡುತ್ತಿದ್ದರು. ಅವರಿಗೂ ಇದೇ ಅನ್ನ.

ಗೊಣಗಜ್ಜಿಗೆ ಜ್ವರ ಬಂದಿತ್ತು. ಅದೇ ರೋಗ. ನಿನ್ನಣ್ಣ ಖಾಲಿ ಮಾಡಿದ ಪಂಪ್ ಶೆಡ್ಡಿಗೆ ಅವಳನ್ನು ಸೇರಿಸಿದೆವು. ಹನ್ನೆರಡು ದಿನ ಅಲ್ಲೇ ಇದ್ದು, ನಿತ್ಯ ನಮ್ಮನ್ನು ಬಯ್ದು, ಎದ್ದು ಬಂದಳು. ವಾಸನೆ ಮಾತ್ರ ತಿಳಿಯುವುದಿಲ್ಲವಂತೆ. ನಿನ್ನ ಮಾತು ಕೇಳಿದ್ದರೆ ಅವಳಿಗೆ ಬರುತ್ತಿರಲಿಲ್ಲವೇನೋ.

ಕ್ಯಾನಿನಲ್ಲಿ ಇನ್ನೂ ಅರ್ಧ ಇದೆ. ಮುಚ್ಚಳ ಬಿಗಿ ಮಾಡಿ ಇಟ್ಟಿದ್ದೇನೆ. ಇನ್ನು ಕಳಿಸಬೇಡ.

ನಿನ್ನಣ್ಣ ಈಗ ಕೈ ಹಿಂದೆ ಕಟ್ಟಿಕೊಂಡು ಹೊಲ ತಿರುಗುತ್ತಾರೆ. ನನಗೆ ಬೆನ್ನುನೋವು, ಹೆಚ್ಚು ಬರೆಯುವುದಿಲ್ಲ.

ಅತ್ತಿಗೆ


ಜೂನ್ ೧೪

ಅತ್ತಿಗೆ,

ಗೊಣಗಜ್ಜಿಯ ಕೈಗುಣ ಅಂದರೆ ಅದು! ಅವಳನ್ನು ಬಿಟ್ಟು ಮಿಕ್ಕ ಆರು ಜನರಿಗೆ ಜ್ವರ ಬರಲಿಲ್ಲ ಅನ್ನುವುದನ್ನೂ ನೋಡಿ. ನಾನು ಹೇಳಿದ್ದೆನಲ್ಲ.

ನಿನ್ನೆ ಅಣ್ಣ ಆ ಟ್ಯಾಂಕಿನ ಮೆಟ್ಟಿಲಿನಿಂದ ಫೋನ್ ಮಾಡಿದ್ದ. ಯಾರೋ ಇಟ್ಟಿಗೆಯವನು ಬಂದಿದ್ದಾನಂತೆ, ಹೊಲವನ್ನು ಐದು ವರ್ಷಕ್ಕೆ ಗುತ್ತಿಗೆ ಕೇಳುತ್ತಾನಂತೆ. ತಿಂಗಳು ತಿಂಗಳು ಬಾಡಿಗೆ, ಅರ್ಧ ಅಣ್ಣನಿಗೆ, ಅರ್ಧ ನನಗೆ. ಪತ್ರಕ್ಕೆ ಇಬ್ಬರ ಸಹಿಯೂ ಬೇಕು. "ಬಂದರು ತೆಗೆಯೋ ಹಂಗೆ ಕಾಣ್ತಿಲ್ಲ ಕಣೇ. ಹೊಲ ನೋಡಿದ್ರೆ ಹಿಂಗೆ. ನಿಮ್ಮತ್ತಿಗೆಗೂ ಸಾಕಾಗಿದೆ, ಬೆನ್ನು ಹಿಡ್ಕೊಂಡು ಓಡಾಡ್ತಾಳೆ" ಅಂದ.

ಹೌದಾ ಅತ್ತಿಗೆ? ನಿಜಕ್ಕೂ ಸಾಕಾಗಿದೆಯಾ? ನೀವು ಒಂದು ಮಾತು ಬರೆಯಿರಿ. ಬಾಡಿಗೆ ಬಂದರೆ ಎಲ್ಲರಿಗೂ ಒಳ್ಳೆಯದೇ ಅಲ್ಲವಾ?

ಗಿಣಿ


ಜೂನ್ ೨೯

ಗಿಣಿ,

ಅದು ನಿಮ್ಮಪ್ಪನ ಹೊಲ. ಅಣ್ಣ ತಂಗಿ ಇಬ್ಬರೂ ಯೋಚನೆ ಮಾಡಿ. ನಾನು ಹೊರಗಿನಿಂದ ಬಂದವಳು, ಮಧ್ಯೆ ಬಾಯಿ ಹಾಕುವುದಿಲ್ಲ.

ಇಟ್ಟಿಗೆಯವನು ಟೇಪು ಹಿಡಿದು ಅಳೆದುಕೊಂಡು ಹೋದ. ಒಂದು ಆಳಿನಷ್ಟು ಆಳ ಮಣ್ಣು ತೆಗೆಯುತ್ತಾನಂತೆ. ಮೇಲಿನ ಮಣ್ಣು ಹೋದಮೇಲೆ ಅಲ್ಲಿ ಏನು ಬೆಳೆಯುತ್ತದೆ ಎಂಬುದು ಹೊಲ ಕಾಣದವರಿಗೂ ಗೊತ್ತಿರಬೇಕು.

ನಾನು ಮತ್ತೆ ಬಿತ್ತಿದ್ದೇನೆ. ಬೈಕಿನವನ ಹಿಂದೆ ಬಿದ್ದು, ಇನ್ನೊಂದು ಸಲ ನೋಡಿ ಎಂದು ಕೇಳಿಕೊಂಡೆ. ಅರ್ಧ ಹೊಲಕ್ಕಾಗುವಷ್ಟು ಬೀಜ ಕೊಟ್ಟ. ಮಿಕ್ಕವರೆಲ್ಲ ಬಂದರು, ಇಬ್ಬರು ಬರಲಿಲ್ಲ. ಅವರ ಗಂಡಂದಿರೂ ಕೆಲಸವಿಲ್ಲದೆ ಮನೆಗೆ ಬಂದಿದ್ದಾರೆ, ಮೂರು ಹೊತ್ತು ಬೇಯಿಸಿ ಹಾಕುವುದರಲ್ಲೇ ಅವರ ದಿನ ಮುಗಿಯುತ್ತದೆ. ಒಬ್ಬಳ ಗಂಡ ಅವಳು ಹಿಡಿಯುತ್ತಿದ್ದ ಗುದ್ದಲಿಯನ್ನು ತಾನೇ ಹಿಡಿದು, "ನಾನಿರುವಾಗ ನೀನ್ಯಾಕೆ" ಅಂದನಂತೆ. ಗುದ್ದಲಿ ಏನೋ ಅವನು ಹಿಡಿದ. ಅದರಿಂದ ಅವಳ ಕೈಗೆ ಬರುತ್ತಿದ್ದದ್ದು ಈಗ ಯಾರ ಕೈಗೆ ಬರುತ್ತದೆ?

ನಿನ್ನಣ್ಣ ಕೆಟ್ಟವರಲ್ಲ. ನನ್ನ ಮೇಲಿನ ಕನಿಕರಕ್ಕೇ ಹೇಳುತ್ತಿದ್ದಾರೆ ಎಂದು ಅವರು ನಂಬಿದ್ದಾರೆ.

ಅತ್ತಿಗೆ


ಜುಲೈ ೧೫

ಅತ್ತಿಗೆ,

ನೀವು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿರಿ. ಬೇಡ ಎನ್ನಲಿಲ್ಲ. ಅಣ್ಣ ಮತ್ತೆ ಫೋನ್ ಮಾಡಿದ. ಅವನು ಕಳಿಸಿದ ಪತ್ರಕ್ಕೆ ಸಹಿ ಮಾಡಿ ಇವತ್ತೇ ಅವನ ಹೆಸರಿಗೆ ಬೇರೆ ಲಕೋಟೆಯಲ್ಲಿ ಅಂಚೆಗೆ ಹಾಕಿದ್ದೇನೆ.

ನಿಮಗೂ ವಯಸ್ಸಾಗುತ್ತಾ ಬಂತು. ಬಗ್ಗಿ ಬಗ್ಗಿ ಎಷ್ಟು ದಿನ? ಇನ್ನಾದರೂ ವಿಶ್ರಾಂತಿ ತೆಗೆದುಕೊಳ್ಳಿ. ನಿಮ್ಮ ಒಳ್ಳೆಯದಕ್ಕೇ.

ಕೆಲಸಕ್ಕೆ ಹೊತ್ತಾಯಿತು.

ಗಿಣಿ


ಆಗಸ್ಟ್ ೪

ಗಿಣಿ,

ಎರಡೂ ಲಕೋಟೆ ಒಟ್ಟಿಗೆ ಬಂದವು. ನಿನ್ನಣ್ಣ ಮನೆಯಲ್ಲಿರಲಿಲ್ಲ, ಅಂಚೆಯವನು ಎರಡನ್ನೂ ನನ್ನ ಕೈಗೇ ಕೊಟ್ಟ. ನಿನ್ನಣ್ಣನ ಹೆಸರಿನದನ್ನು ಹಿಟ್ಟಿನ ಡಬ್ಬದ ಹಿಂದೆ ಇಟ್ಟಿದ್ದೇನೆ. ತೆರೆದಿಲ್ಲ. ಅವರಿಗೆ ಹೇಳಿಯೂ ಇಲ್ಲ.

ನನಗೆ ಸಿಟ್ಟು ಬಂದಿದೆ. ಒಂಬತ್ತು ದಿನ ತಡೆದುಕೊಂಡು ಈಗ ಬರೆಯುತ್ತಿದ್ದೇನೆ, ಆದರೂ ಹೋಗಿಲ್ಲ.

ಸಾಕಾಗಿದೆ ಎಂದು ನಾನು ಯಾವ ಕಾಗದದಲ್ಲಿ ಬರೆದೆ? ಬೆನ್ನುನೋವು ಎಂದೆ. ಬೆನ್ನು ನಿನಗೂ ನೋಯುವುದಿಲ್ಲವಾ, ನಲವತ್ತು ಮಿಷನ್ ಕಾಯುವವಳಿಗೆ? ನಿನ್ನ ಕಾರ್ಖಾನೆಯನ್ನು ಯಾರಾದರೂ ಅಗೆದು ಇಟ್ಟಿಗೆ ಮಾಡಲೇ ಎಂದು ಕೇಳಿದರಾ?

ಇನ್ನು ಬಚ್ಚಿಡುವುದಿಲ್ಲ. ಬೇಸಿಗೆಯ ಬೆಳೆ ಹೋದದ್ದು ಬಿಸಿಲಿಗಲ್ಲ, ನೀರಿಗಲ್ಲ. ಅಜ್ಜಿಯ ನೀಲಿ ದಾರಗಳು ಮಾತ್ರ ನಿಂತದ್ದನ್ನು ನೋಡಿ ನನಗೆ ಅನುಮಾನ ಬಂತು. ಕೊನೆಯಲ್ಲಿ ಉಳಿದಿದ್ದ ಹೂಗಳಲ್ಲಿ ಒಂದು ಬಳ್ಳಿಗೆ ಸ್ಯಾನಿಟೈಸರ್ ಹಾಕಿದ ಕೈಯಲ್ಲಿ ಮುಟ್ಟಿಸಿದೆ, ಪಕ್ಕದ ಬಳ್ಳಿಗೆ ಸೋಪಿನಲ್ಲಿ ತೊಳೆದು ಒಣಗಿಸಿದ ಕೈಯಲ್ಲಿ. ನಾಲ್ಕನೇ ದಿನ ಹೋಗಿ ನೋಡಿದರೆ ಮೊದಲನೆಯದರಲ್ಲಿ ಎಲ್ಲ ಉದುರಿವೆ, ಎರಡನೆಯದರಲ್ಲಿ ಎಲ್ಲ ನಿಂತಿವೆ. ಗಂಡು ಹೂವಿನ ಪುಡಿಗೂ ಜೀವ ಇರುತ್ತದೆ ಗಿಣಿ. ಒದ್ದೆ ಕೈಯಲ್ಲಿ ಮುಟ್ಟಿ ನಾವು ಅದನ್ನೂ ಕೊಂದೆವು. ಪ್ರತಿ ಬಳ್ಳಿಗೂ ಹಾಕಿಕೊಳ್ಳಿ ಎಂದಿದ್ದೆ, ಪ್ರತಿ ಬಳ್ಳಿಗೂ ಹಾಕಿಕೊಂಡೆವು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ. ಹನ್ನೊಂದು ವರ್ಷ ಹೂವು ಮುಟ್ಟಿದವಳು ನಾನು, ಯೋಚಿಸಬೇಕಾಗಿತ್ತು. ತಪ್ಪು ನನ್ನದೇ.

ನಿನಗೆ ಯಾಕೆ ಹೇಳಲಿಲ್ಲ ಎಂದರೆ, ಈ ವರ್ಷ ಮಾಡಿದ ಒಳ್ಳೆ ಕೆಲಸ ಅದೊಂದೇ ಎಂದು ಬರೆದಿದ್ದೆ. ನಿನ್ನಣ್ಣನಿಗೆ ಹೇಳಿದರೆ ನಿನ್ನನ್ನು ಬಯ್ಯುತ್ತಾರೆ ಎಂದು ಅವರಿಗೂ ಹೇಳಲಿಲ್ಲ. ಹೆಂಗಸರ ಕೈಯಲ್ಲಿ ಬೇಸಾಯ ಇಷ್ಟೇ ಎಂದು ಅವರು ತೀರ್ಮಾನಿಸಿದರು. ಸುಮ್ಮನಿದ್ದೆ.

ಈಗ ಎರಡನೇ ಬಿತ್ತನೆ ಹೂವಿಗೆ ಬಂದಿದೆ. ಬದುವಿನ ಮೇಲೆ ಸೋಪು, ಬಕೆಟ್ಟು, ಒಣಬಟ್ಟೆ ಇಟ್ಟಿದ್ದೇನೆ. ಮಾಸ್ಕ್ ಹಾಕುತ್ತೇವೆ, ಒಬ್ಬೊಬ್ಬರ ನಡುವೆ ಮೂರು ಸಾಲು ಬಿಡುತ್ತೇವೆ. ಕಾಯಿ ಕಚ್ಚುತ್ತಿದೆ.

ಲಕೋಟೆ ಅಣ್ಣನಿಗೆ ಕೊಡಿ ಎಂದು ನೀನು ಬರೆದರೆ ಕೊಡುತ್ತೇನೆ. ಅದು ನನ್ನದಲ್ಲ. ಆದರೆ ನನ್ನ ಒಳ್ಳೆಯದಕ್ಕೇ ಎಂದು ಮಾತ್ರ ಇನ್ನೊಂದು ಸಲ ಬರೆಯಬೇಡ.

ಅತ್ತಿಗೆ


ಆಗಸ್ಟ್ ೧೯

ಅತ್ತಿಗೆ,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು, ಹೇಗಿದ್ದರೂ ಕಳಿಸುತ್ತೇನೆ.

ನನಗೆ ಕೆಲಸವಿಲ್ಲ. ಏಪ್ರಿಲ್ ಐದರಿಂದಲೇ ಇಲ್ಲ. ಕಾರ್ಖಾನೆ ಗೇಟಿನಲ್ಲಿ ಒಂದು ಮೇಜು ಹಾಕಿಕೊಂಡು, ಹೆಸರು ಕೂಗಿ, ಅರ್ಧ ಸಂಬಳ ಮತ್ತು ಒಂದೊಂದು ಸ್ಯಾನಿಟೈಸರ್ ಕ್ಯಾನ್ ಕೈಗಿಟ್ಟು, "ಮತ್ತೆ ಕರೀತೀವಿ" ಎಂದರು. ಹನ್ನೆರಡು ವರ್ಷದ ಸರ್ವೀಸಿಗೆ ಆ ಕ್ಯಾನ್. ಅದನ್ನು ರೂಮಿನಲ್ಲಿಟ್ಟುಕೊಂಡು ನೋಡುತ್ತಾ ಇರಲು ಆಗಲಿಲ್ಲ. ನಿಮಗಾದರೂ ಉಪಯೋಗವಾಗಲಿ ಎಂದು ಕಳಿಸಿದೆ. ಅದು ನಿಮ್ಮ ಬೆಳೆಯನ್ನು ತೆಗೆದುಕೊಂಡು ಹೋಯಿತು ಎಂದು ಓದಿದಾಗ ನಗು ಬಂತು ಅತ್ತಿಗೆ, ಆಮೇಲೆ ಬಾಗಿಲು ಹಾಕಿಕೊಂಡು ಕೂತೆ.

ಎರಡು ಪಾಳಿ, ಕ್ಯಾಂಟೀನ್ ಊಟ ಎಲ್ಲ ಸುಳ್ಳು. ಕೆಳಗಿನ ಮನೆಯವರ ಮಿಷನ್ ಬಾಡಿಗೆಗೆ ತೆಗೆದುಕೊಂಡು ಮಾಸ್ಕ್ ಹೊಲಿದು ಮೆಡಿಕಲ್ ಅಂಗಡಿಗೆ ಕೊಡುತ್ತಿದ್ದೆ. ಈಗ ಅದೂ ಎಲ್ಲ ಕಡೆ ಸಿಗುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎನ್ನುತ್ತಾರಲ್ಲ, ಹಾಗೆ ಬರೆಯುತ್ತಿದ್ದೆ ನಿಮಗೆ. ಊರಿನಲ್ಲಿ ನಾನೊಬ್ಬಳೇ ಮೇಲ್ವಿಚಾರಕಿ ಆದವಳು ಎಂಬ ಜಂಬ.

ನಿಮ್ಮ ಜೂನ್ ತಿಂಗಳ ಕಾಗದ ನನಗೆ ಅರ್ಥವಾಗಿತ್ತು. ಹೊಲ ಬೇಕು ಎಂದೇ ನೀವು ಬರೆದಿದ್ದಿರಿ. ಅರ್ಥವಾಗದ ಹಾಗೆ ಓದಿಕೊಂಡೆ. ತಿಂಗಳು ತಿಂಗಳು ಬರುವ ಬಾಡಿಗೆ ಬೇಕಾಗಿತ್ತು ನನಗೆ. ನಿಮ್ಮ ಬೆನ್ನಿನ ಹೆಸರು ಹೇಳಿ ಸಹಿ ಮಾಡಿದೆ. ನನಗೆ ನಾಚಿಕೆಯಾಗುತ್ತಿದೆ.

ಲಕೋಟೆ ಕೊಡಿ, ಕೊಡಬೇಡಿ ಎಂದು ನಿಮ್ಮ ತಲೆಯ ಮೇಲೆ ಹಾಕುವುದಿಲ್ಲ. ನಿನ್ನೆ ಅಣ್ಣನಿಗೆ ನಾನೇ ಫೋನ್ ಮಾಡಿದೆ. ನನ್ನ ಅರ್ಧವನ್ನು ಇಟ್ಟಿಗೆಗೆ ಕೊಡುವುದಿಲ್ಲ ಎಂದೆ. ಕ್ಯಾನಿನ ವಿಷಯ, ಕೆಲಸದ ವಿಷಯ ಎಲ್ಲ ಹೇಳಿದೆ. ಆ ಕಡೆಯಿಂದ ಟ್ಯಾಂಕಿನ ಹತ್ತಿರ ಯಾರೋ ಬಕೆಟ್ಟಿಗೆ ನೀರು ಹಿಡಿಯುವುದು ಕೇಳಿಸುತ್ತಿತ್ತು.

ಹೊಲ ನಿಮ್ಮದೇ ಅತ್ತಿಗೆ. ಯಾವತ್ತೂ ನಿಮ್ಮದೇ.

ಗಿಣಿ


ಸೆಪ್ಟೆಂಬರ್ ೨

ಗಿಣಿ,

ಕಾಗದ ಸಿಕ್ಕಿತು. ಐದು ತಿಂಗಳು ಒಬ್ಬಳೇ ಅದನ್ನೆಲ್ಲ ನುಂಗಿಕೊಂಡು ಕೂತೆಯಲ್ಲ, ಕಪಾಳಕ್ಕೆ ಹೊಡೆಯಬೇಕು ಎನ್ನಿಸಿತು. ಆಮೇಲೆ ಅಳು ಬಂತು. ನೀನು ಮೇಲ್ವಿಚಾರಕಿ ಆಗಿದ್ದರೂ ಅಷ್ಟೇ, ಆಗದಿದ್ದರೂ ಅಷ್ಟೇ, ಈ ಮನೆಯಲ್ಲಿ ನಿನಗೊಂದು ತಟ್ಟೆ ಇದೆ. ಬಸ್ಸು ಬಿಟ್ಟಿದ್ದಾರೆ, ಬಾ.

ಸುಳ್ಳು ಹೇಳಿದವಳು ನೀನೊಬ್ಬಳೇ ಅಲ್ಲ. ಆ ಲಕೋಟೆ ತೆರೆದಿಲ್ಲ ಎಂದು ಬರೆದಿದ್ದೆ. ಬಂದ ದಿನವೇ ಕುದಿಯುವ ನೀರಿನ ಆವಿಗೆ ಹಿಡಿದು ಬಿಡಿಸಿದ್ದೆ. ನಿನ್ನ ಸಹಿ ನೋಡಿದೆ. ಗುಂಡಗೆ, ಅಚ್ಚುಕಟ್ಟಾಗಿ ಮಾಡಿದ ಸಹಿ. ಒಂಬತ್ತು ದಿನ ಅದೇ ಕಣ್ಣೆದುರಿಗೆ ಇತ್ತು. ಹೂವು ಮುಟ್ಟುತ್ತಾ ಇದ್ದಾಗಲೂ, ಇದು ನಮ್ಮದಲ್ಲ, ನಾವು ಇಲ್ಲಿ ಆಳುಗಳು ಎಂದೇ ಅನ್ನಿಸುತ್ತಿತ್ತು.

ಆದ್ದರಿಂದ ಒಂದು ಮಾತು ಕೇಳು, ಬೇಜಾರು ಮಾಡಿಕೊಳ್ಳಬೇಡ. ಹೊಲ ಯಾವತ್ತೂ ನಿಮ್ಮದೇ ಎಂದು ಬರೆದಿದ್ದೀಯ. ಒಳ್ಳೆ ಮಾತು. ಒಳ್ಳೆ ಮಾತನ್ನು ಪಾಸ್ ಕೊಡುವ ಕಚೇರಿಯಲ್ಲಿ ತೋರಿಸಲು ಆಗುವುದಿಲ್ಲ. ರೋಗದ ಪರಿಹಾರ ಅಂತ ರೈತರಿಗೆ ಕೊಟ್ಟರಲ್ಲ, ಅದು ಕ್ರೇನ್ ಓಡಿಸುವವರ ಹೆಸರಿಗೆ ಬಂತು. ಬೀಜದ ಕಂಪನಿಯ ಪುಸ್ತಕದಲ್ಲೂ ಅವರದೇ ಹೆಸರು, ಹನ್ನೊಂದು ವರ್ಷ ನಾನೇ ನನ್ನ ಕೈಯಾರೆ ಬರೆದದ್ದು. ನಾಳೆ ಇನ್ನೊಬ್ಬ ಟೇಪು ಹಿಡಿದು ಬಂದರೆ, ಆಗ ನಿನಗೆ ಮತ್ತೆ ಕಷ್ಟ ಇದ್ದರೆ?

ನನಗೆ ಹೊಲ ಬೇಡ. ಪತ್ರ ಬೇಕು. ನಿನ್ನ ಅರ್ಧವನ್ನು ಐದು ವರ್ಷಕ್ಕೆ ನನಗೆ ಗುತ್ತಿಗೆ ಬರೆದುಕೊಡು. ಇಟ್ಟಿಗೆಯವನಿಗೆ ಬರೆದ ಹಾಗೆಯೇ, ಛಾಪಾ ಕಾಗದದ ಮೇಲೆ. ಬಂದದ್ದರಲ್ಲಿ ನಿನ್ನ ಪಾಲು ನಿನಗೆ, ಸುಗ್ಗಿಗೆ ಸುಗ್ಗಿಗೆ. ಅತ್ತಿಗೆ ಎಂದು ಬರೆಯಬೇಡ. ಇಂಥವರ ಹೆಂಡತಿ ಎಂದೂ ಬೇಡ. ನನ್ನ ಹೆಸರು, ನನ್ನ ಕಸುಬು.

ಬಾಯಿ ಬಿಟ್ಟು ಕೇಳುತ್ತಿದ್ದೇನೆ. ಜೂನ್‌ನಲ್ಲೇ ಕೇಳಬೇಕಾಗಿತ್ತು.

ಅತ್ತಿಗೆ


ಸೆಪ್ಟೆಂಬರ್ ೧೪

ಅತ್ತಿಗೆ,

ಪತ್ರ ಇದರ ಜೊತೆಗಿದೆ. ಕೋರ್ಟಿನ ಎದುರು ಟೈಪ್ ಮಾಡುವ ಹೆಂಗಸಿನ ಹತ್ತಿರ ಮಾಡಿಸಿದೆ. ನಿಮ್ಮ ಹೆಸರಿನ ಮುಂದೆ ಅವಳು ತಾನಾಗಿಯೇ "ಗೃಹಿಣಿ" ಎಂದು ಹೊಡೆದಿದ್ದಳು. "ಅಳಿಸಿ, ರೈತೆ ಅಂತ ಹೊಡೀರಿ" ಎಂದೆ. ಬೇರೆ ಹಾಳೆ ಹಾಕಬೇಕಾಗುತ್ತದೆ, ಇನ್ನೊಂದು ಸಲದ ಚಾರ್ಜು ಎಂದಳು. ಹಾಕಿ ಎಂದೆ.

ಇಬ್ಬರು ಸಾಕ್ಷಿ ಬೇಕಂತೆ. ಒಂದು ಕಡೆ ಕೆಳಗಿನ ಮನೆಯವರು ಸಹಿ ಮಾಡಿದ್ದಾರೆ. ಇನ್ನೊಂದು ಜಾಗ ಅಣ್ಣನಿಗೆ ಎಂದು ಬಿಟ್ಟಿದ್ದೇನೆ. ನೀವೇ ಕೇಳಿ. ನಾನು ಹೇಳಿದರೆ ತಂಗಿಯ ಹಟಕ್ಕೆ ಎಂದುಕೊಳ್ಳುತ್ತಾನೆ.

ರೂಮಿನ ಬೀಗದ ಕೈ ತಿಂಗಳ ಕೊನೆಗೆ ವಾಪಸ್ ಕೊಡುತ್ತೇನೆ. ಹೂವು ಮುಟ್ಟುವುದು ನನಗೆ ಬರುತ್ತದೋ ಇಲ್ಲವೋ.

ಗಿಣಿ


ಸೆಪ್ಟೆಂಬರ್ ೨೬

ಗಿಣಿ,

ಬೀಜ ತೆಗೆದಾಯಿತು. ಅರ್ಧ ಹೊಲದ ಬೆಳೆ, ಆದರೆ ಒಂದೊಂದು ಕಾಯಿಯಲ್ಲೂ ಗಟ್ಟಿ ಬೀಜ. ತೊಳೆದು ನೆರಳಿನಲ್ಲಿ ಹರಡಿದ್ದೇವೆ. ಬೈಕಿನವನು ಮುಷ್ಟಿಯಲ್ಲಿ ಹಿಡಿದು ನೋಡಿ ತಲೆಯಾಡಿಸಿದ. ಅವನ ಪುಸ್ತಕದಲ್ಲಿ ಹೆಸರು ಬದಲಾಯಿಸಬೇಕು ಎಂದೆ. "ಪತ್ರ ಇದ್ಯಾ?" ಅಂದ. ಇದೆ ಎಂದೆ, ಸಾಕ್ಷಿಯ ಸಹಿ ಒಂದು ಬಾಕಿ. ಅವನು ನಿನ್ನಣ್ಣನ ಮುಖ ನೋಡಿದ.

ನಿನ್ನಣ್ಣನಿಗೆ ಅವತ್ತು ಸಂಜೆ ಊಟಕ್ಕೆ ಮೊದಲು ಕೊಟ್ಟೆ. ಬಾಗಿಲ ಬೆಳಕಿಗೆ ಹಿಡಿದು ಎರಡು ಸಲ ಓದಿದರು. ಆ ಬೇಸಿಗೆಯ ವಿಷಯ ನೀನು ಫೋನಿನಲ್ಲಿ ಹೇಳಿದ ಮೇಲೆ ಅವರು ನನ್ನ ಹತ್ತಿರ ಅದರ ಮಾತೇ ಎತ್ತಿರಲಿಲ್ಲ. ಈಗ ಎತ್ತಿದರು. "ಆಗ್ಲೇ ನಂಗೆ ಹೇಳ್ಬಾರ್ದಿತ್ತಾ?" ಅಂದರು.

"ನೀವು ಕೇಳ್ಲಿಲ್ಲ" ಅಂದೆ.

"ನಾನೆಲ್ಲಿ ಸಹಿ ಮಾಡ್ಬೇಕು?"

"ಸಾಕ್ಷಿ ಅಂತ ಇದ್ಯಲ್ಲ, ಅಲ್ಲಿ."

ಪೆನ್ನು ಹುಡುಕಿ ತಂದು ಮಾಡಿದರು. ನಿಧಾನವಾಗಿ, ಪೂರ್ತಿ ಹೆಸರು. ಬಂದರಿನಿಂದ ಇನ್ನೂ ಕರೆ ಬಂದಿಲ್ಲ, ಇನ್ನು ಬರುತ್ತದೆ ಎಂಬ ನಂಬಿಕೆ ಅವರಿಗೂ ಇದ್ದಂತಿಲ್ಲ. ಪತ್ರವನ್ನು ಮಡಿಸಿ ನನ್ನ ಕೈಗೆ ಕೊಟ್ಟು, ಊಟಕ್ಕೆ ಕೂತರು. ಅರ್ಧ ಊಟವಾದ ಮೇಲೆ, ತಟ್ಟೆ ನೋಡಿಕೊಂಡೇ, "ನನ್ ಅರ್ಧನೂ ಹಿಂಗೇ ಬರ್ಕೊಡ್ಲಾ? ನೀನು ತಗೋತೀಯಾ?" ಅಂದರು.

ಈ ಮನೆಗೆ ಬಂದಾಗಿನಿಂದ ಹೊಲದ ವಿಷಯದಲ್ಲಿ ನನ್ನನ್ನು ಯಾರೂ ಏನನ್ನೂ ಹೀಗೆ ಕೇಳಿರಲಿಲ್ಲ. ಥಟ್ಟನೆ ಹೂಂ ಎನ್ನಲು ಬಾಯಿಗೆ ಬಂದಿತ್ತು. ಆದರೆ "ಯೋಚ್ನೆ ಮಾಡಿ ಹೇಳ್ತೀನಿ" ಅಂದೆ.

ಇವತ್ತಿಗೆ ನಾಲ್ಕು ದಿನ. ದಿನಾ ಬೆಳಿಗ್ಗೆ ನನ್ನ ಮುಖ ನೋಡುತ್ತಾರೆ. ಇನ್ನೂ ಹೇಳಿಲ್ಲ.

ಅತ್ತಿಗೆ